ಬೇಯಿಸದೆ ಹೊಸಿಲು ದಾಟಿದ್ದು

ಥರ್ಮೊಕೋಲ್ ಡಬ್ಬಿಯನ್ನು ಜೀಪಿನ ಸೀಟಿನಡಿಗೆ ಕಾಲಿನಿಂದಲೇ ಇನ್ನಷ್ಟು ಒಳಕ್ಕೆ ತಳ್ಳಿ, ವಿನುತಾ ಹಾರದ ಪೊಟ್ಟಣ ಹಿಡಿದು ಕೆಳಗಿಳಿದಳು.

"ಡಬ್ಬ ತರೋದು ಬೇಡ್ವಾ ಮೇಡಂ?" ಡ್ರೈವರ್ ಧರ್ಮೇಂದ್ರ ತಲೆ ಹೊರಗೆ ಹಾಕಿ ಕೇಳಿದ.

"ಮೆಲ್ಲಗೆ ಮಾತಾಡು."

"ಐಸ್ ಕರಗ್ತದೆ. ಆಮೇಲೆ ನನ್ನ ಬೈಬೇಡಿ."

"ಸಾವಿನ ಮನೆಗೆ ಡಬ್ಬ ಹೊತ್ಕೊಂಡು ಹೋಗ್ಲಾ ಧರ್ಮೇಂದ್ರ? ನೆರಳಲ್ಲಿ ನಿಲ್ಸು, ಸಾಕು."

ಡಬ್ಬಿ ಏಕೆ ಬಂದಿದೆ ಎಂದು ಅವನಿಗೂ ಗೊತ್ತಿತ್ತು. ವಿನುತಾ ಕೆಲಸ ಮಾಡುವ ಸಂಶೋಧನಾ ಕೇಂದ್ರದಿಂದ ನಿವೃತ್ತರಾದ ಮೇಲೂ ಸಿದ್ದಬಸಪ್ಪನವರು ಮನೆಯಲ್ಲಿ ಒಂದು ಶಿಲೀಂಧ್ರವನ್ನು ಸಾಕುತ್ತಿದ್ದರು. ಏಲಕ್ಕಿ ಎಲೆಯನ್ನು ಸುಟ್ಟಂತೆ ಒಣಗಿಸುವ ರೋಗದ ಶಿಲೀಂಧ್ರ ಅದು. ಅದು ಸಿಕ್ಕದೆ ಹೋದರೆ ಕೇಂದ್ರದ ನರ್ಸರಿಯಲ್ಲಿರುವ ಸಸಿಗಳಲ್ಲಿ ರೋಗ ತಡೆಯುವುದು ಯಾವುದು, ತಡೆಯದ್ದು ಯಾವುದು ಎಂದು ಈ ವರ್ಷವೂ ತಿಳಿಯುವಂತಿರಲಿಲ್ಲ. ಅವರ ಸಾವಿನ ಸುದ್ದಿ ಕೇಳಿದಾಗ ವಿನುತಾಳಿಗೆ ಮೊದಲು ನೆನಪಾದದ್ದು ಆ ಶಿಲೀಂಧ್ರ. ಸಿದ್ದಬಸಪ್ಪನವರ ಮುಖ ನೆನಪಾದದ್ದು ಆಮೇಲೆ. ದಾರಿಯುದ್ದಕ್ಕೂ ಅವಳನ್ನು ಚುಚ್ಚಿದ್ದು ಈ ಹಿಂದುಮುಂದು.

ಶನಿವಾರಸಂತೆಯಿಂದ ಸ್ವಲ್ಪ ಆಚೆ, ರಸ್ತೆಗೆ ಮುಖ ಮಾಡಿದ ಸಣ್ಣ ತಾರಸಿ ಮನೆ. ಎದುರಿನ ಕಣದಲ್ಲಿ ಕಾಫಿ ಒಣಗುತ್ತಿತ್ತು. ಹೆಣ ಹೊರುವ ದಾರಿಗೆಂದು ಕಾಫಿಯನ್ನು ನಡುವೆ ಸೀಳಿ ಎರಡೂ ಬದಿಗೆ ಎಳೆದಿದ್ದರು. ಬಿಸಿಲಿಗೆ ಆಗಲೇ ಸಿಪ್ಪೆಯ ಹುಳಿ ವಾಸನೆ ಏಳುತ್ತಿತ್ತು. ಮೂಲೆಯಲ್ಲಿ ನಾಲ್ಕಾರು ಮಂದಿ ಬಿದಿರು ಸೀಳಿ, ಬಾಳೆದಿಂಡು ಕಟ್ಟಿ, ಹೆಣವನ್ನು ಕೂರಿಸಿ ಹೊರುವ ವಿಮಾನ ಸಿದ್ಧಪಡಿಸುತ್ತಿದ್ದರು.

ಸಿದ್ದಬಸಪ್ಪನವರು ನಡುಮನೆಯಲ್ಲಿ ಕೂತಿದ್ದರು. ಮಣೆಯ ಮೇಲೆ ಚಕ್ಕಳಮಕ್ಕಳ ಹಾಕಿಸಿ, ಬೆನ್ನಿಗೆ ಹಲಗೆ ಕೊಟ್ಟು, ಗದ್ದ ಜಾರದಂತೆ ತಲೆಗೆ ಬಟ್ಟೆ ಕಟ್ಟಿದ್ದರು. ಎಡ ಅಂಗೈಯಲ್ಲಿ ಇಷ್ಟಲಿಂಗ. ಹಣೆಗೆ, ತೋಳಿಗೆ, ಎದೆಗೆ ವಿಭೂತಿ. ಅವರ ಬೆನ್ನ ಹಿಂದಿನ ಕಿಟಕಿಗೆ ಅಡ್ಡವಾಗಿ ತೆಳ್ಳನೆಯ ಬಿಳಿ ಪಂಚೆಯೊಂದನ್ನು ಮೊಳೆ ಹೊಡೆದು ಇಳಿಬಿಟ್ಟಿದ್ದರು. ಹಗಲಾಗಿದ್ದರೂ ತಲೆಯ ಮೇಲಿನ ಟ್ಯೂಬ್‌ಲೈಟ್ ಉರಿಯುತ್ತಿತ್ತು. ರಾತ್ರಿಯಿಡೀ ಭಜನೆ ಮಾಡಿದವರು ಗೋಡೆಗೆ ಒರಗಿ ತೂಕಡಿಸುತ್ತಿದ್ದರು. ತಾಳಗಳು ಅವರವರ ಮಡಿಲಲ್ಲಿ ಬಿದ್ದಿದ್ದವು.

ವಿನುತಾ ಹಾರ ಹಾಕಿ ಕೈಮುಗಿದಳು. ಪಕ್ಕದಲ್ಲಿ ಕೂತಿದ್ದ ರುದ್ರಮ್ಮ ತಲೆ ಎತ್ತಿದರು. ಅತ್ತ ಗುರುತು ಮುಖದಲ್ಲಿರಲಿಲ್ಲ. ತುಂಬ ದಿನ ನಿದ್ದೆಗೆಟ್ಟವರ ಕಣ್ಣು ಅವು.

"ಬಂದ್ಯೇನವ್ವ."

"ನಿನ್ನೆ ಸಂಜೆನೇ ಬರಬೇಕಿತ್ತು ಅಮ್ಮ. ಗೊತ್ತಾಗಿದ್ದೇ ಇವತ್ತು ಬೆಳಗ್ಗೆ."

"ನೋಡು, ಹೆಂಗೆ ಕೂರ್ಸವ್ರೆ." ರುದ್ರಮ್ಮ ಗಂಡನ ಕಡೆ ನೋಡಿದರು. "ಎಲ್ರೂ ಬಂದು, ಪಾಪ, ಕೂತಂಗೇ ಅವ್ರೆ ಅಂತಾರೆ. ತಿಂಗಳಿಂದ ಕೂತೇ ಇದ್ರಲ್ಲ. ಮಲಗಿದ್ರೆ ಉಸಿರು ಕಟ್ಟೋದು. ನಂಗೇನೂ ಹೊಸದು ಅನ್ನಿಸ್ತಿಲ್ಲ."

ಸಿದ್ದಬಸಪ್ಪನವರ ಅಣ್ಣನ ಮಗ ಮಂಜೇಶ್ ಬೆವರೊರೆಸಿಕೊಳ್ಳುತ್ತ ಒಳಗೆ ಬಂದ. ಮಕ್ಕಳಿಲ್ಲದ ಮನೆಯಲ್ಲಿ ಎಲ್ಲಕ್ಕೂ ಮುಂದೆ ನಿಂತವನು ಅವನೇ. ವಿನುತಾಳನ್ನು ನೋಡಿ ತಲೆಯಾಡಿಸಿದ.

"ಸೆಂಟರಿನವ್ರು ಬಂದ್ರು ಚಿಕ್ಕಮ್ಮ. ಸಸಿ ತಂದವ್ರೋ ಏನೋ ಕೇಳು."

"ಸುಮ್ಮನಿರು ಮಂಜ. ಇವತ್ತೊಂದಿನ."

"ನಾನೇನಂದೆ? ಸುಮ್ನೆ ಅಂದೆ." ಅವನು ಉಪ್ಪಿನ ಮೂಟೆ ಬಂದವೇ ಎಂದು ನೋಡಲು ಹೊರಗೆ ಹೋದ.

*

ವಿನುತಾ ಕೇಂದ್ರಕ್ಕೆ ಸೇರಿದ ಮೊದಲ ದಿನ ಸಿದ್ದಬಸಪ್ಪನವರು ಅವಳಿಗೆ ಹೇಳಿಕೊಟ್ಟದ್ದು ಆಲೂಗಡ್ಡೆ ಹೆಚ್ಚುವುದನ್ನು. ಹೆಚ್ಚಿ, ಬೇಯಿಸಿ, ಬಟ್ಟೆಯಲ್ಲಿ ಸೋಸಿ, ಆ ನೀರಿಗೆ ಸಕ್ಕರೆ ಮತ್ತು ಅಗರ್ ಹಾಕಿ ಕಾಯಿಸಿ ಗಾಜಿನ ತಟ್ಟೆಗಳಿಗೆ ಹೊಯ್ದರೆ ಆರಿದಾಗ ಲೋಳೆಯಂತೆ ಗಟ್ಟಿಯಾಗುತ್ತದೆ. ಅದೇ ಶಿಲೀಂಧ್ರದ ಊಟ.

"ಎಂ.ಎಸ್ಸಿ.ಯಲ್ಲಿ ಇದನ್ನೆಲ್ಲ ಪ್ಯಾಕೆಟ್ಟಿಂದ ಮಾಡ್ತಿದ್ವಿ ಸರ್."

"ಪ್ಯಾಕೆಟ್ಟೂ ಒಳ್ಳೇದೇ. ಇಲ್ಲಿ ಬರೋದು ತಡ ಆಗುತ್ತೆ ಅಷ್ಟೆ. ಆಲೂಗಡ್ಡೆ ಸೋಮವಾರಪೇಟೇಲಿ ಯಾವಾಗ್ಲೂ ಸಿಗುತ್ತೆ."

ಅವರು ದೊಡ್ಡ ಹೆಸರು ಮಾಡಿದವರಲ್ಲ. ವಿಭಾಗದ ಮುಖ್ಯಸ್ಥರೂ ಆಗಲಿಲ್ಲ. ಯಾರ ವರದಿಯಲ್ಲಿ ನೋಡಿದರೂ ಕೊನೆಯ ಸಾಲಿನ ಕೃತಜ್ಞತೆಯಲ್ಲಿ ಅವರ ಹೆಸರಿರುತ್ತಿತ್ತು. ಕೇಂದ್ರದಲ್ಲಿ ಅವರದ್ದೆಂದು ಎಲ್ಲರೂ ಒಪ್ಪಿದ್ದು ಒಂದೇ ಒಂದು ನಿಯಮ. ಕೆಲಸ ಮುಗಿದ ತಟ್ಟೆ, ಟ್ಯೂಬು, ಹತ್ತಿಯ ಬಿರಡೆ ಯಾವುದೂ ಕುಕ್ಕರಿನಲ್ಲಿ ಬೇಯದೆ ಬಾಗಿಲು ದಾಟುವಂತಿರಲಿಲ್ಲ.

"ಹೊರಗೆ ಸುತ್ತ ಏಲಕ್ಕಿ ತೋಟ. ನಾವು ರೋಗ ಸಾಕೋರು," ಎನ್ನುತ್ತಿದ್ದರು. "ಸಾಕಿದ್ದು ನಮ್ಮ ಕೈಯಿಂದಲೇ ಹೊರಗೆ ಹೋಯ್ತು ಅಂತ ಆಗಬಾರದು."

ಆ ಶಿಲೀಂಧ್ರವನ್ನು ಹಿಂದೊಮ್ಮೆ ಸಂಪಾಜೆಯ ಕಡೆಯ ತೋಟದಿಂದ ತಂದ ಎಲೆಯಿಂದ ಬೇರ್ಪಡಿಸಿದ್ದರು. ಬೀಜಕಣಗಳನ್ನು ನೀರಿನಲ್ಲಿ ಕದಡಿ ಎಳೆಯ ಸಸಿಗಳಿಗೆ ಸಿಂಪಡಿಸಿದರೆ ದುರ್ಬಲ ಸಸಿಗಳ ಎಲೆ ಸುಟ್ಟಂತಾಗುತ್ತಿತ್ತು. ತಡೆದು ನಿಂತವನ್ನು ಬೆಳೆಸಿ ರೈತರಿಗೆ ಕೊಡುವುದು ಕ್ರಮ. ಶಿಲೀಂಧ್ರ ಸಾಯದಂತೆ ಆಗಾಗ ಅದರ ಚೂರನ್ನು ಹೊಸ ತಟ್ಟೆಗೆ ದಾಟಿಸಬೇಕಿತ್ತು. ವರ್ಷಗಟ್ಟಲೆ ಎಲ್ಲರೂ ಆಲೂಗಡ್ಡೆ ಸಕ್ಕರೆಯ ಮೇಲೆಯೇ ದಾಟಿಸಿದರು. ಎಲ್ಲ ಪ್ರಯೋಗಾಲಯಗಳಲ್ಲಿ ಮಾಡುವುದೂ ಹಾಗೆಯೇ. ಒಳ್ಳೆಯ ಊಟಕ್ಕೆ ಅದು ಹತ್ತಿಯ ಹಾಗೆ ಬೆಳ್ಳಗೆ, ದಪ್ಪಗೆ ಬೆಳೆಯಿತು. ನೋಡಲು ಚೆಂದವಿತ್ತು. ಬೀಜಕಣ ಕಟ್ಟುವುದನ್ನು ಮಾತ್ರ ಮೆಲ್ಲಮೆಲ್ಲನೆ ಬಿಟ್ಟುಬಿಟ್ಟಿತು.

ಅದು ಯಾರ ಗಮನಕ್ಕೂ ಸರಿಯಾಗಿ ಬರಲಿಲ್ಲ. ಸಿಂಪಡಿಸಿದ ನೀರಿನಲ್ಲಿ ಬರಿಯ ಎಳೆಗಳಿದ್ದವು. ಸಸಿಗಳೆಲ್ಲ ತಡೆದು ನಿಂತವು. ಆ ಸಾಲಿನ ಫಲಿತಾಂಶಕ್ಕೆ ಕೇಂದ್ರದಲ್ಲಿ ಸಿಹಿ ಹಂಚಿದರು. ಹೊಸದಾಗಿ ಪರೀಕ್ಷೆಯ ಹೊಣೆ ಹೊತ್ತಿದ್ದ ವಿನುತಾ ಸಹಿ ಹಾಕಿದಳು. ಸಸಿಗಳು ತೋಟಗಳಿಗೆ ಹೋದವು. ಮಂಜೇಶನ ತೋಟಕ್ಕೂ ಹೋದವು. ಮಳೆಗಾಲ ಕಳೆದು ಬಿಸಿಲು ಬಿದ್ದ ಕೂಡಲೇ ಬೆಂಕಿ ತಾಗಿದ ಹಾಗೆ ಒಣಗಿದವು. ಮುಂದಿನ ವರ್ಷವೂ ಹಾಗೆಯೇ ಆಯಿತು. ಸೂಕ್ಷ್ಮದರ್ಶಕದಲ್ಲಿ ಕಣ್ಣಿಟ್ಟು ಒಂದಿಡೀ ಮಧ್ಯಾಹ್ನ ಹುಡುಕಿದ ಮೇಲೆ ಅವಳಿಗೆ ಕಾರಣ ತಿಳಿಯಿತು.

ಹೊಸ ರೋಗದೆಲೆಗಳಿಂದ ಬೇರ್ಪಡಿಸಲು ನೋಡಿದಳು. ಬಂದವು ಯಾವುವೂ ಅಷ್ಟು ತೀಕ್ಷ್ಣವಾಗಿರಲಿಲ್ಲ. ಕಡೆಗೆ, ಅಷ್ಟು ಹೊತ್ತಿಗೆ ನಿವೃತ್ತರಾಗಿದ್ದ ಸಿದ್ದಬಸಪ್ಪನವರ ಬಳಿಗೆ ಹಳೆಯ ಶಿಲೀಂಧ್ರದ ಟ್ಯೂಬನ್ನೇ ಹಿಡಿದು ಹೋದಳು.

ಅವರು ಟ್ಯೂಬನ್ನು ಬೆಳಕಿಗೆ ಹಿಡಿದು ನೋಡಿದರು. "ಚೆನ್ನಾಗಿ ಬೆಳ್ಕೊಂಡಿದೆಯಲ್ಲ ಇದು, ಮದುವೆ ಮನೆ ಬೆಕ್ಕಿನ ಹಾಗೆ," ಎಂದರು. "ಊಟ ಇಷ್ಟು ಚೆನ್ನಾಗಿದ್ರೆ ಯಾರು ಮನೆ ಬಿಟ್ಟು ಹೋಗ್ತಾರೆ? ಅನ್ನ ಮುಗೀತಾ ಬಂತು ಅಂತ ಗೊತ್ತಾದ ಮೇಲೆ ತಾನೆ ಬೀಜ ಕಟ್ಟೋ ಯೋಚನೆ ಬರೋದು. ಬಿಟ್ಟು ಹೋಗು. ಸ್ವಲ್ಪ ಉಪವಾಸ ಹಾಕಿ ನೋಡ್ತೀನಿ."

*

ನೀರು ಕುಡಿಯಲೆಂದು ಎದ್ದ ವಿನುತಾ ನೇರ ಹಿಂದಿನ ಕೋಣೆಗೆ ಹೋದಳು. ಹೋಗುವಾಗ ಸೆರಗು ಸರಿಮಾಡಿಕೊಂಡು, ಯಾರಾದರೂ ನೋಡುತ್ತಿದ್ದಾರೆಯೇ ಎಂದು ಒಮ್ಮೆ ಹಿಂತಿರುಗಿದಳು. ಅವಳಿಗೇ ನಾಚಿಕೆಯಾಯಿತು.

ಕೋಣೆ ಖಾಲಿಯಾಗಿತ್ತು. ತಟ್ಟೆಗಳು ಸಾಲಾಗಿರುತ್ತಿದ್ದ ಕಿಟಕಿಕಟ್ಟೆಯನ್ನು ಒದ್ದೆ ಬಟ್ಟೆಯಲ್ಲಿ ಒರೆಸಿದ್ದರು. ನೆಲದಲ್ಲಿ ಫಿನೈಲ್ ವಾಸನೆ. ಮೂಲೆಯ ಫ್ರಿಜ್ಜಿನ ಬಾಗಿಲು ಪೂರ್ತಿ ತೆರೆದಿತ್ತು. ಒಳಗೆ, ಬಂದವರಿಗೆಂದು ತರಿಸಿದ ಹಾಲಿನ ಪ್ಯಾಕೆಟ್ಟುಗಳು ಮಾತ್ರ ಇದ್ದವು.

ಆಗ ವಾಸನೆ ಬಂತು. ಹಿತ್ತಲ ಬಾಗಿಲಿನಿಂದ ಬಿಸಿಗಾಳಿಯ ಜೊತೆ ಬರುತ್ತಿದ್ದ ಆ ವಾಸನೆಯನ್ನು ಅವಳು ಯಾವ ನಿದ್ದೆಯಲ್ಲೂ ಗುರುತಿಸಬಲ್ಲವಳಾಗಿದ್ದಳು. ಬೆಂದ ಅಗರ್, ಬೆಂದ ಬೂಷ್ಟು, ಒದ್ದೆ ಹತ್ತಿ.

ಹಿತ್ತಲಲ್ಲಿ ಮೂರು ಕಲ್ಲು ಹೂಡಿ ಸೌದೆ ಹೊತ್ತಿಸಿದ್ದರು. ಮೇಲೆ ಸಿದ್ದಬಸಪ್ಪನವರ ಹಳೆಯ ದೊಡ್ಡ ಕುಕ್ಕರು ಕೂತಿತ್ತು. ಅದರ ಸೀಟಿ ಕೂಗಿದಾಗ ಬಚ್ಚಲ ಪಕ್ಕ ಪಾತ್ರೆ ತೊಳೆಯುತ್ತಿದ್ದ ಹೆಂಗಸೊಬ್ಬಳು ಬೆಚ್ಚಿ, "ಇದರ ಮನೆ ಹಾಳಾಗ," ಎಂದಳು.

ರುದ್ರಮ್ಮ ವಿನುತಾಳ ಹಿಂದೆಯೇ ಎದ್ದು ಬಂದಿದ್ದರು. ಸೊಂಟಕ್ಕೆ ಕೈಕೊಟ್ಟು ಹೊಸಿಲ ಮೇಲೆ ಕೂತರು.

"ಸಾವಿನ ಮನೇಲಿ ಒಲೆ ಹಚ್ಚಬಾರದು ಅಂತ ಎಲ್ರೂ ಬೈದ್ರು ಕಣವ್ವ. ಕಾಫಿ ಕೂಡ ಪಕ್ಕದ ಮನೆಯಿಂದ ಬಂತು. ಇದೊಂದಕ್ಕೆ ಹಚ್ಚಿದೆ."

"ಎಲ್ಲ ಹಾಕಿದ್ರಾ ಅಮ್ಮ?"

"ಒಂದೂ ಬಿಡಲಿಲ್ಲ. ಫ್ರಿಜ್ಜಲ್ಲಿ ಇದ್ದದ್ದು, ಕಿಟಕೀಲಿ ಇದ್ದದ್ದು, ಮಂಚದ ಕೆಳಗಿನ ಡಬ್ಬೀಲಿದ್ದದ್ದು. ಮೊದಲಿನಿಂದ ಹೇಳ್ತಾನೇ ಇದ್ರು. ರುದ್ರಿ, ನಾನು ಹೋದ್ರೆ ಮೊದ್ಲು ಅದನ್ನೆಲ್ಲ ಬೇಯಿಸು, ಆಮೇಲೆ ಕೂತ್ಕೊಂಡು ಅಳು, ಊರಿನ ತೋಟ ಹಾಳಾದ್ರೆ ನನ್ನ ಹೆಣಕ್ಕೆ ಉಗೀತಾರೆ ಅಂತ. ನಗ್ತಾ ಹೇಳೋರು. ನಾನೂ ನಗ್ತಿದ್ದೆ." ಅವರು ಒಂದು ಸೌದೆಯನ್ನು ಒಳಕ್ಕೆ ನೂಕಿದರು. "ಬೆಳಗ್ಗೆಯಿಂದ ಇದು ಎರಡನೇ ಸಲ. ಎಲ್ಲ ಒಟ್ಟಿಗೆ ಹಿಡೀಲಿಲ್ಲ."

ವಿನುತಾ ಕುಕ್ಕರನ್ನೇ ನೋಡುತ್ತ ನಿಂತಳು. ತೂಕದ ಸುತ್ತ ಆವಿ ಬುಸುಗುಡುತ್ತಿತ್ತು. ಕೆಳಗೆ, ಮೊದಲ ಸಲ ಬೆಂದ ಗಾಜಿನ ತಟ್ಟೆಗಳು ಬಕೆಟ್ಟಿನಲ್ಲಿ ಒಂದರ ಮೇಲೊಂದು ಬಿದ್ದಿದ್ದವು. ಅವುಗಳ ಊಟ ಕರಗಿ, ಮತ್ತೆ ಅಡ್ಡಾದಿಡ್ಡಿ ಗಟ್ಟಿಯಾಗಿತ್ತು.

"ನಿಂದೂ ಏನೋ ಇತ್ತಲ್ವಾ ಅದ್ರಲ್ಲಿ?" ರುದ್ರಮ್ಮ ಕೇಳಿದರು. "ವಿನುತಾ ಬಂದು ಒಯ್ತಾಳೆ ಅಂತಿದ್ರು. ಯಾವುದು ನಿಂದು, ಯಾವುದು ಕಸ ಅಂತ ನಂಗೊತ್ತಿಲ್ವಲ್ಲ ತಾಯಿ."

ವಿನುತಾಳ ಬಾಯಿಗೆ ಬಂದದ್ದನ್ನು ಅವಳು ನುಂಗಿದಳು. ಅದಕ್ಕೆ ಹೆಚ್ಚು ಕಷ್ಟವೂ ಆಗಲಿಲ್ಲ. ಸುಸ್ತಾಗಿತ್ತು.

"ಸರಿಯಾಗೇ ಮಾಡಿದ್ದೀರ ಅಮ್ಮ. ಅವ್ರಿದ್ದಿದ್ರೂ ಹಿಂಗೇ ಮಾಡ್ತಿದ್ರು."

"ಹೌದಾ?"

"ಹೌದು."

ರುದ್ರಮ್ಮ ತಲೆಯಾಡಿಸಿದರು. ಮುಖದಲ್ಲಿ ಏನೋ ಸ್ವಲ್ಪ ಸಡಿಲವಾಯಿತು. "ಒಂದಾದ್ರೂ ಅವ್ರು ಹೇಳಿದಂಗೆ ಮಾಡಿದೆ ಬಿಡು. ಕೊನೆಕೊನೆಗೆ ಏನೂ ಕೇಳ್ತಿರಲಿಲ್ಲ ನಾನು. ಲೈಟಿಗೇ ದಿನಾ ಜಗಳ."

ಒಳಗಿನಿಂದ ಅಯ್ಯನವರು ಬಂದರೆಂದು ಕೂಗಿದರು. ರುದ್ರಮ್ಮ ಎದ್ದು ಹೋದರು. ಸೀಟಿ ಇನ್ನೊಮ್ಮೆ ಕೂಗಿತು.

*

ವಿನುತಾ ಅವರನ್ನು ಕೊನೆಯ ಸಲ ನೋಡಿದಾಗ ಕಾಫಿ ಕುಯ್ಲು ಅರ್ಧ ಮುಗಿದಿತ್ತು. ಸಿದ್ದಬಸಪ್ಪನವರು ನಡುಮನೆಯ ಮಂಚದ ಮೇಲೆ ದಿಂಬುಗಳಿಗೆ ಒರಗಿ ಕೂತಿದ್ದರು. ಕಾಲು ಊದಿ ಮಿಂಚುತ್ತಿತ್ತು. ಆದರೂ ಅವಳ ಭುಜ ಹಿಡಿದು, ಒಂದೊಂದೇ ಹೆಜ್ಜೆಯಿಟ್ಟು ಹಿಂದಿನ ಕೋಣೆಗೆ ಕರೆದುಕೊಂಡು ಹೋದರು.

ಜೀವಂತ ಏಲಕ್ಕಿ ಎಲೆಗೆ ಶಿಲೀಂಧ್ರವನ್ನು ತಾಗಿಸಿ, ಆ ಎಲೆ ಸುಟ್ಟ ಜಾಗದಿಂದ ಮತ್ತೆ ಬೇರ್ಪಡಿಸಿ, ಮತ್ತೊಂದು ಎಲೆಗೆ ತಾಗಿಸಿ, ಹಾಗೆ ಹಲವು ಸಲ ಮಾಡಿದ್ದರು. ಈಗ ಅದನ್ನು ಬೆಳೆಸಿದ್ದು ಸಕ್ಕರೆಯಿಲ್ಲದ ತೆಳು ಊಟದ ಮೇಲೆ. ಏಲಕ್ಕಿ ಎಲೆಯ ಕಷಾಯ, ಅಗರ್, ಬೇರೇನೂ ಇಲ್ಲ. ತಟ್ಟೆಗಳಲ್ಲಿ ಹತ್ತಿಯಂಥ ದಪ್ಪವಿರಲಿಲ್ಲ. ಬೂದು ಬಣ್ಣದ ತೆಳು ಪೊರೆ ನಡುವಿನಿಂದ ಹೊರಕ್ಕೆ ಹಬ್ಬುತ್ತಿತ್ತು. ಅದರಲ್ಲಿ ಒಂದರಾಚೆ ಒಂದು ಉಂಗುರಗಳಿದ್ದವು.

"ನೋಡು, ಹಗಲು ಹಬ್ಬಿದ್ದು ತೆಳ್ಳಗೆ. ರಾತ್ರಿ ಕತ್ತಲೆಗೆ ಒಂದು ಕಪ್ಪು ಗೆರೆ. ಮತ್ತೆ ಹಗಲು, ಮತ್ತೆ ಗೆರೆ. ಅದು ದಿನ ಎಣಿಸ್ತಾ ಇದೆ."

"ಬೀಜಕಣ ಬಂದಿದ್ಯಾ ಸರ್?"

"ಅಲ್ಲೊಂದು ಇಲ್ಲೊಂದು. ಸಿಂಪಡಿಸೋಕೆ ಸಾಲಲ್ಲ. ಬಂದ್ರೆ ಸೂಕ್ಷ್ಮದರ್ಶಕ ಬೇಕಾಗಲ್ಲ, ಬರಿಗಣ್ಣಿಗೇ ಕಾಣುತ್ತೆ. ಕಿತ್ತಳೆ ಬಣ್ಣದ ಹನಿ ನಿಲ್ಲುತ್ತೆ."

"ರಾತ್ರೀನೂ ಲೈಟು ಹಾಕಿ ನೋಡೋಣ್ವಾ? ಕೆಲವಕ್ಕೆ ಬಿಡದೆ ಬೆಳಕು ಕೊಟ್ರೆ ಜಾಸ್ತಿ ಬರುತ್ತೆ ಅಂತ ಓದಿದ್ದೀನಿ."

"ಬೇಡ." ಅವರು ಗಟ್ಟಿಯಾಗಿ ಹೇಳಿದರು. "ತೋಟದಲ್ಲಿ ರಾತ್ರಿ ಆಗಲ್ವೇನು? ಹುಟ್ಟಿದ ಜಾಗದಲ್ಲಿ ಹೆಂಗಿತ್ತೋ ಹಂಗೇ ಇಡಬೇಕು. ಕತ್ತಲೆ ಬೇಕೇ ಬೇಕು."

"ಕತ್ತಲೆ ಅಂತೆ!" ಬಾಗಿಲಲ್ಲಿ ನಿಂತಿದ್ದ ರುದ್ರಮ್ಮ ನಡುವೆ ಬಂದರು. "ನೀನೇ ಹೇಳವ್ವ ಇವ್ರಿಗೆ. ಆ ಬೂಷ್ಟಿಗೆ ಅಭ್ಯಾಸ ಮಾಡಿ ಮಾಡಿ, ನಡುಮನೇಲೂ ಸಂಜೆಯಾದ್ರೆ ಲೈಟ್ ಆರಿಸು ಅಂತಾರೆ. ಕತ್ತಲಲ್ಲಿ ಉಸಿರು ಸಿಕ್ಕಿಕೊಂಡ್ರೆ ನಂಗೆ ಹೆಂಗೆ ಕಾಣಬೇಕು?"

"ಉಸಿರು ನಿಂತ್ರೆ ಕೇಳಿಸುತ್ತೆ ಬಿಡೆ."

"ನಿಂತ ಮೇಲೆ ಕೇಳಿಸ್ಕೊಂಡು ಏನ್ ಮಾಡ್ಲಿ ನಾನು?"

ಸಿದ್ದಬಸಪ್ಪನವರು ನಕ್ಕರು. ನಗು ಕೆಮ್ಮಾಯಿತು. ಕೆಮ್ಮು ನಿಲ್ಲುವವರೆಗೆ ರುದ್ರಮ್ಮ ಅವರ ಬೆನ್ನು ನೀವುತ್ತ ನಿಂತರು. ಆಮೇಲೆ ಅವರು ವಿನುತಾಳ ಕಡೆ ತಿರುಗಿ, "ಇನ್ನು ಸ್ವಲ್ಪ ದಿನ ತಡಿ," ಎಂದರು. "ಬಂದ ಕೂಡಲೇ ಫೋನ್ ಮಾಡ್ತೀನಿ. ಡಬ್ಬಿ ತಗೊಂಡು ಬಾ."

*

ವಿಮಾನ ಕಣದ ನಡುವೆ ಬಿಟ್ಟ ದಾರಿಯಲ್ಲಿ ಹೊರಟಿತು. ಕೂತ ಭಂಗಿಯಲ್ಲಿಯೇ ಸಿದ್ದಬಸಪ್ಪನವರು ಹೆಗಲುಗಳ ಮೇಲೆ ಅಲುಗಾಡುತ್ತ, ಒಣಗುತ್ತಿದ್ದ ಕಾಫಿಯನ್ನು ದಾಟಿ, ತೋಟದ ಏರು ಹತ್ತಿದರು. ಬಿಸಿಲು ನೆತ್ತಿಗೆ ಬಂದಿತ್ತು. ಹೊರುವವರು ಸಿಲ್ವರ್ ಓಕ್ ಮರಗಳ ನೆರಳಿನಲ್ಲಿ ಹೆಗಲು ಬದಲಿಸಿಕೊಂಡರು. ಯಾರೋ, "ಮುದುಕಪ್ಪ ಇಷ್ಟು ಭಾರ ಅಂತ ಗೊತ್ತಿರಲಿಲ್ಲ," ಎಂದರೆ, ಇನ್ನೊಬ್ಬ, "ನೀರು ತುಂಬಿತ್ತಲ್ಲಪ್ಪ ಮೈಗೆ," ಎಂದ.

ವಿನುತಾ ಹಿಂದೆ ಉಳಿದಳು. ಧರ್ಮೇಂದ್ರ ಅವಳ ಪಕ್ಕದಲ್ಲಿ ನಡೆಯುತ್ತಿದ್ದ.

"ಸಿಕ್ಕಿತಾ ಮೇಡಂ?"

"ಇಲ್ಲ. ಬೇಯಿಸಿಬಿಟ್ಟಿದ್ದಾರೆ."

ಅವನು ಹೆಜ್ಜೆ ನಿಧಾನಿಸಿದ. "ಎಲ್ಲವನ್ನೂ?"

"ಎಲ್ಲ."

"ಹಂಗಾದ್ರೆ ನರ್ಸರಿ ಸಸಿಗೆ ಏನು ಮಾಡ್ತೀರಿ? ಮುಂಗಾರಿಗೆ ಮುಂಚೆ ಕೊಡಲೇಬೇಕು ಅಂತ ಡೈರೆಕ್ಟ್ರು ಹೇಳ್ತಾ ಇದ್ದಾರಲ್ಲ."

"ಕೊಡಬಹುದು. ಸಹಿ ಹಾಕಿದ್ರೆ ಆಯ್ತು." ತನ್ನ ದನಿ ತನಗೇ ಕೇಳದಷ್ಟು ಸಣ್ಣದಾಗಿತ್ತು. "ಹಿಂದೆಯೂ ಹಾಕಿದ್ದೆನಲ್ಲ."

ಗುಂಡಿಯ ಒಂದು ಬದಿಯ ಗೋಡೆಯಲ್ಲಿ ಗೂಡು ಕೊರೆದಿದ್ದರು. ಇಬ್ಬರು ಕೆಳಗಿಳಿದು ದೇಹವನ್ನು ಬರಮಾಡಿಕೊಂಡು ಗೂಡಿನಲ್ಲಿ ಕೂರಿಸಿದರು. ಅಯ್ಯನವರು ಮಂತ್ರ ಹೇಳುತ್ತ ಬಿಲ್ವಪತ್ರೆ ಇಳಿಸಿದರು. ವಿಭೂತಿ ಗಟ್ಟಿಗಳನ್ನು ಕೈಯಿಂದ ಕೈಗೆ ದಾಟಿಸಿ ತೊಡೆಯ ಸುತ್ತ ಜೋಡಿಸಿದರು. ಆಮೇಲೆ ಉಪ್ಪಿನ ಮೂಟೆಗಳ ಬಾಯಿ ಬಿಚ್ಚಿದರು.

ಉಪ್ಪು ಸುರಿಯುವ ಸದ್ದಿಗೆ ವಿನುತಾಳಿಗೆ ಕೇಂದ್ರದ ಒಂದು ಮಧ್ಯಾಹ್ನ ನೆನಪಾಯಿತು. ಊಟದಲ್ಲಿ ಉಪ್ಪು ಹೆಚ್ಚಿಸುತ್ತ ಹೋದರೆ ಶಿಲೀಂಧ್ರ ಎಲ್ಲಿಗೆ ನಿಲ್ಲುತ್ತದೆ ಎಂದು ಅಳೆಯುತ್ತಿದ್ದರು. ಕೊನೆಯ ತಟ್ಟೆಯಲ್ಲಿ ಏನೂ ಬೆಳೆದಿರಲಿಲ್ಲ. ಸಿದ್ದಬಸಪ್ಪನವರು ಅದನ್ನು ಎತ್ತಿ ತೋರಿಸಿ, "ನಮ್ಮೋರು ಗುಂಡಿಗೆ ಮೂಟೆಗಟ್ಟಲೆ ಯಾಕೆ ಸುರೀತಾರೆ ಅಂತ ಈಗ ತಿಳೀತಾ? ನಾನು ಸತ್ತ ಮೇಲೂ ಇವನಿಗೆ ಸಿಕ್ಕಲ್ಲ," ಎಂದಿದ್ದರು. ಅವಳು ಅಂದು ಬಹಳ ನಕ್ಕಿದ್ದಳು.

ಮಣ್ಣು ಹಾಕಿ ಮುಗಿಸಿ ಮಂಜೇಶ್ ಕೈ ಕೊಡವಿಕೊಂಡು ಮೇಲೆ ಬಂದ. ಕಣ್ಣು ಕೆಂಪಾಗಿತ್ತು. ಅವಳ ಎದುರು ನಿಂತ.

"ಮೇಡಂ, ಬೆಳಗ್ಗೆ ಅಂದಿದ್ದಕ್ಕೆ ಬೇಜಾರು ಮಾಡ್ಕೋಬೇಡಿ. ಆದ್ರೂ ಕೇಳ್ತೀನಿ. ಕೆಳಗಿನ ಹಳ್ಳದ ಪಟ್ಟಿ ಎರಡು ವರ್ಷದಿಂದ ಖಾಲಿ ಬಿದ್ದದೆ. ಚಿಕ್ಕಪ್ಪ ಹೇಳೋರು, ತಡಿ ಮಂಜ, ಈ ಸಲ ವಿನುತಾ ಸರಿಯಾಗಿ ಪರೀಕ್ಷೆ ಮಾಡಿ ಕೊಡ್ತಾಳೆ ಅಂತ. ಕೊಡ್ತೀರಾ?"

ಸುತ್ತ ನಿಂತಿದ್ದವರು ಕಿವಿ ಈ ಕಡೆ ಕೊಟ್ಟರು. ಹೂಂ ಎಂದರೆ ಮುಗಿಯುತ್ತಿತ್ತು. ಹೂಳಿದ ಮಣ್ಣಿನ ಮುಂದೆ ನಿಂತು ಹೂಂ ಎನ್ನದಿರುವುದೇ ಕಷ್ಟವಾಗಿತ್ತು.

"ಇಲ್ಲ ಮಂಜೇಶ್," ಎಂದಳು ವಿನುತಾ. "ಈ ವರ್ಷ ಕೊಡೋಕಾಗಲ್ಲ. ಪರೀಕ್ಷೆ ಮಾಡೋ ದಾರಿ ಇಲ್ಲ. ಕೇಂದ್ರದವ್ರು ಬೇರೆ ಯಾರಾದ್ರೂ ಕೊಟ್ರೂ ತಗೋಬೇಡ."

"ನೀವೇ ಹಿಂಗಂದ್ರೆ..." ಎಂದು, ಪೂರ್ತಿ ಮಾಡದೆ, ಮಂಜೇಶ್ ಸನಿಕೆ ಎತ್ತಿಕೊಂಡು ಇಳಿಜಾರಿನತ್ತ ನಡೆದ.

*

ಹೂಳಿ ಮುಗಿಸಿದವರು ಮನೆಗೆ ಬರುವಷ್ಟರಲ್ಲಿ ನಡುಮನೆಯನ್ನು ತೊಳೆದಿದ್ದರು. ಕೂರಿಸಿದ್ದ ಜಾಗದಲ್ಲಿ ಒಂದು ಹಣತೆ ಹಚ್ಚಿಟ್ಟಿದ್ದರು. ಪಕ್ಕದ ಮನೆಯವರು ಅನ್ನ, ಸಾರು ತಂದು ಜಗಲಿಯಲ್ಲಿಟ್ಟಿದ್ದರು. ಮಂಜೇಶ್ ಕುರ್ಚಿಯ ಮೇಲೆ ನಿಂತು ಕಿಟಕಿಗೆ ಹೊಡೆದಿದ್ದ ಪಂಚೆಯ ಮೊಳೆ ಕೀಳುತ್ತಿದ್ದ.

"ಚಿಕ್ಕಮ್ಮ, ಇಲ್ಲೊಂದು ಉಳಿದಿದೆಯಲ್ಲ, ಈ ಬೂಷ್ಟಿನ ತಟ್ಟೆ."

ಹೊರಡುತ್ತೇನೆಂದು ಹೇಳಲು ಬಂದಿದ್ದ ವಿನುತಾ ಬಾಗಿಲಲ್ಲೇ ನಿಂತಳು.

"ಅಯ್ಯೋ ಶಿವನೇ." ರುದ್ರಮ್ಮ ಎದ್ದರು. "ಅದನ್ನ ಮರೆತೇಬಿಟ್ಟೆ. ಹಿಂದಿನ ಕೋಣೆಗೆ ಎದ್ದು ಹೋಗೋಕೆ ಆಗಲ್ಲ, ಒಂದನ್ನಾದ್ರೂ ಕಣ್ಣೆದುರಿಗೆ ಇಡು ಅಂತ ಹಟ ಮಾಡಿ ಇಲ್ಲಿಗೆ ತರಿಸ್ಕೊಂಡಿದ್ರು. ಮುಟ್ಟಬೇಡ ಮಂಜ. ಕುಕ್ಕರ್ ಇನ್ನೂ ಬಿಸಿ ಅದೆ, ಹಾಕಿಬಿಡ್ತೀನಿ."

"ತಡೀರಿ ಅಮ್ಮ."

ವಿನುತಾ ಒಳಗೆ ಬಂದು ಕಿಟಕಿಕಟ್ಟೆಯ ಮೇಲಿದ್ದ ತಟ್ಟೆಯನ್ನು ಎರಡು ಕೈಯಲ್ಲಿ ಎತ್ತಿಕೊಂಡಳು. ಮುಚ್ಚಳದ ಮೇಲೆ ಕೂತಿದ್ದ ಧೂಳನ್ನು ಸೆರಗಿನಿಂದ ಒರೆಸಿ, ಟ್ಯೂಬ್‌ಲೈಟಿನ ಕೆಳಗೆ ಹಿಡಿದಳು. ಓರೆಮಾಡಿ ಅಂಚನ್ನು ನೋಡಿದಳು.

ಮಂಜೇಶ್ ಕುರ್ಚಿಯಿಂದ ಇಳಿದು ಬಗ್ಗಿ ನೋಡಿದ. "ಏನಿದು, ಅಂಚಲ್ಲೆಲ್ಲ ಕಿತ್ತಳೆ ಬಣ್ಣ ಚೆಲ್ಲಿದಂಗದೆ?"

"ಇದೇ," ಎಂದಳು ವಿನುತಾ. "ನಾನು ಹುಡುಕ್ತಾ ಇದ್ದಿದ್ದು ಇದೇ ಮಂಜೇಶ್. ಬೀಜಕಣ."

"ಅಂದ್ರೆ ಸಸಿ..."

"ಪರೀಕ್ಷೆ ಮಾಡಬಹುದು. ಬದುಕಿದ್ದನ್ನ ಕೊಡಬಹುದು. ಬದುಕದಿದ್ರೆ ಕೊಡಲ್ಲ."

ಅವನು ತಲೆಯಾಡಿಸಿದ. ನಂಬಿದ ಹಾಗೂ ಇರಲಿಲ್ಲ, ನಂಬದ ಹಾಗೂ ಇರಲಿಲ್ಲ. ಕಿತ್ತ ಮೊಳೆಗಳನ್ನು ಜೇಬಿಗೆ ಹಾಕಿಕೊಂಡು ಊಟದವರನ್ನು ನೋಡಲು ಹೊರಗೆ ಹೋದ.

"ಬೇಯಿಸದೆ ಬಾಗಿಲು ದಾಟಿಸಬಾರದು ಅಂತಿದ್ರಲ್ಲವ್ವ," ರುದ್ರಮ್ಮ ಹೇಳಿದರು.

"ಗೊತ್ತಮ್ಮ. ನೀವು ಬೇಡ ಅಂದ್ರೆ ಒಯ್ಯಲ್ಲ."

ರುದ್ರಮ್ಮ ತಟ್ಟೆಯನ್ನು ತಮ್ಮ ಕೈಗೆ ತೆಗೆದುಕೊಂಡರು. ಇಷ್ಟು ವರ್ಷ ಮನೆಯಲ್ಲಿದ್ದರೂ ಅವರು ಅದನ್ನು ಹೀಗೆ ಹತ್ತಿರದಿಂದ ನೋಡಿದ್ದಂತೆ ಕಾಣಲಿಲ್ಲ. ಗಾಜಿನ ಮೇಲೆ ಬೆರಳಿಟ್ಟು ನಡುವಿನಿಂದ ಹೊರಕ್ಕೆ ಮೆಲ್ಲಗೆ ಸರಿಸಿದರು.

"ಈ ಕಪ್ಪು ಗೆರೆ?"

"ರಾತ್ರಿ."

ಬೆರಳು ಒಂದು ಗೆರೆ ದಾಟಿತು, ಇನ್ನೊಂದು ದಾಟಿತು, ಮುಂದೆ ಹೋಗಿ ನಿಂತಿತು. ಅಲ್ಲಿಂದಾಚೆ ಅಂಚಿನವರೆಗೆ ಗೆರೆಯೇ ಇರಲಿಲ್ಲ. ಅಗಲವಾದ ಒಂದೇ ಪಟ್ಟಿ. ಅದರ ತುಂಬ ಒತ್ತೊತ್ತಾಗಿ ಕಿತ್ತಳೆ ಬಣ್ಣದ ಸಣ್ಣ ಹನಿಗಳು ನಿಂತಿದ್ದವು.

"ಇಲ್ಲಿಂದ ಮುಂದೆ ರಾತ್ರಿ ಇಲ್ವಲ್ಲ."

"ಅದು ಈ ಕಿಟಕಿಗೆ ತಂದ ಮೇಲೆ ಬೆಳೆದದ್ದು," ಎಂದಳು ವಿನುತಾ. ರುದ್ರಮ್ಮ ತಲೆಯೆತ್ತಿ ಟ್ಯೂಬ್‌ಲೈಟನ್ನು ನೋಡಿದರು, ಕಿಟಕಿಕಟ್ಟೆಯನ್ನು ನೋಡಿದರು, ಹಣತೆಯಿದ್ದ ಖಾಲಿ ಜಾಗವನ್ನು ನೋಡಿದರು.

"ಆರಿಸು ರುದ್ರಿ, ಅದಕ್ಕೆ ಕತ್ತಲೆ ಬೇಕು ಅಂತ ಕೈ ಮುಗಿದ್ರು ಕಣವ್ವ ಒಂದು ಸಲ," ಎಂದರು. "ನಾನು ಆರಿಸಲಿಲ್ಲ."

ಅಷ್ಟು ಹೊತ್ತೂ ಬಾರದ ಅಳು ಆಗ ಬಂತು. ಸದ್ದಿಲ್ಲದ, ಭುಜ ಮಾತ್ರ ಕುಲುಕುವ ಅಳು. ತಟ್ಟೆ ಅಲುಗದಂತೆ ಎರಡೂ ಕೈಯಲ್ಲಿ ಎದೆಯ ಮಟ್ಟಕ್ಕೆ ಹಿಡಿದುಕೊಂಡೇ ಅತ್ತರು. ಮುಗಿದ ಮೇಲೆ, ಮಂಜೇಶ್ ಕಿತ್ತಿಟ್ಟಿದ್ದ ಪಂಚೆಯ ಅಂಚನ್ನು ಹರಿದು, ತಟ್ಟೆಗೆ ಸುತ್ತಿ, ಹೊಸಿಲು ದಾಟಿ ಆಚೆ ನಿಂತ ವಿನುತಾಳ ಕೈಗೆ ಕೊಟ್ಟರು.

ಜೀಪಿನಲ್ಲಿ ಐಸು ಕರಗಿ ಡಬ್ಬಿಯ ತುಂಬ ನೀರಾಗಿತ್ತು. ವಿನುತಾ ಅದನ್ನು ಚೆಲ್ಲಲು ಹೇಳಿ, ತಟ್ಟೆಯನ್ನು ಮಡಿಲಲ್ಲಿಟ್ಟುಕೊಂಡು ಕೂತಳು. ಧರ್ಮೇಂದ್ರ ಗಾಡಿ ತಿರುಗಿಸುವಾಗ ಕಣದಲ್ಲಿ ಯಾರೋ ಕಾಫಿಯನ್ನು ಮತ್ತೆ ನಡುವಿಗೆ ಎಳೆಯುತ್ತಿದ್ದರು. ದಾರಿ ಮುಚ್ಚುತ್ತಿತ್ತು. ಸಂಜೆಯ ಬಿಸಿಲು ಇನ್ನೂ ಗೋಡೆಯ ಮೇಲಿತ್ತು. ಪಂಚೆಯಿಲ್ಲದ ಕಿಟಕಿಯಲ್ಲಿ ಟ್ಯೂಬ್‌ಲೈಟ್ ಉರಿಯುತ್ತಿತ್ತು. ಅದರ ಕೆಳಗೆ ರುದ್ರಮ್ಮ ಸ್ವಿಚ್ಚಿನ ಮೇಲೆ ಕೈಯಿಟ್ಟು ನಿಂತಿದ್ದರು. ಒತ್ತಿರಲಿಲ್ಲ.